ಎಣ್ಣೆ ಹಚ್ಚಿದ ಕಾಲುಪಟ್ಟಿ

ನಮ್ಮ ಮನೆಯಲ್ಲಿ ಎಣ್ಣೆ ಹಚ್ಚಿಸಿಕೊಳ್ಳದೆ ಉಳಿದದ್ದು ದೇವರ ಪಟದ ಗಾಜು ಒಂದೇ ಇರಬೇಕು. ಬಾವಿಯ ರಾಟೆಗೆ ಎಣ್ಣೆ, ಹಿತ್ತಿಲ ಬಾಗಿಲಿನ ತಿರುಗಣಿಗೆ ಎಣ್ಣೆ, ಹಲಸು ಕೊಯ್ಯುವ ಕತ್ತಿಗೆ ಎಣ್ಣೆ, ದೋಸೆಯ ಕಾವಲಿಗೆ ಎಣ್ಣೆ, ಅಪ್ಪನ ಕೊಡೆಯ ಕಡ್ಡಿಗಳಿಗೂ ಎಣ್ಣೆ. ನನ್ನ ತಲೆಯ ವಿಷಯವನ್ನಂತೂ ಕೇಳುವುದೇ ಬೇಡ. ಇದೆಲ್ಲ ಅಪ್ಪನ ಅಕ್ಕ ಗೋದತ್ತೆಯ ಆಡಳಿತ. ಯಾವ ವಸ್ತುವನ್ನು ಬಹುಕಾಲ ಉಳಿಸಿಕೊಳ್ಳಬೇಕೋ ಅದಕ್ಕೆ ಎಣ್ಣೆ ಹಚ್ಚಬೇಕು ಎಂಬುದು ಅವರ ನಂಬಿಕೆ. ಒಮ್ಮೆ ನನ್ನ ಶಾಲೆಯ ಹೊಸ ಬೂಟಿಗೂ ಕೊಬ್ಬರಿ ಎಣ್ಣೆ ಬಳಿದು ಬಿಸಿಲಿಗಿಟ್ಟಿದ್ದರು. ಅದು ಚರ್ಮದ್ದೆಂದು ಅಮ್ಮ ಹೇಳಿದಾಗ ಗೋದತ್ತೆ ಬಾವಿಕಟ್ಟೆಗೆ ಹೋಗಿ ಎರಡು ಕೊಡ ನೀರು ಸುರಿದುಕೊಂಡು ಬಂದರು. ಆದರೆ ಬೂಟು ಮಾತ್ರ ಮೂರು ವರ್ಷ ಬಾಳಿಕೆ ಬಂತು ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಮನೆ ಇದ್ದದ್ದು ವೆಸ್ಟ್ ಮಾಂಬಲಂನ ಒಂದು ಓಣಿಯಲ್ಲಿ, ರೈಲು ಹೋದಾಗಲೆಲ್ಲ ಗೂಡಿನಲ್ಲಿಟ್ಟ ಲೋಟಗಳು ಒಂದಕ್ಕೊಂದು ತಾಗುವಷ್ಟು ಹಳಿಗೆ ಹತ್ತಿರ. ಮುಂದೆ ಒಂದು ಕೋಣೆ, ನಡುವೆ ಕತ್ತಲೆಯ ಇನ್ನೊಂದು, ಅದರ ಹಿಂದೆ ಅಡುಗೆಮನೆ, ಆಮೇಲೆ ಹಿಂದಿನ ಜಗಲಿ ಮತ್ತು ಬಾವಿ. ಅಪ್ಪ ಟಿ. ನಗರದ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಅಡುಗೆಯವರ ಮುಖ್ಯಸ್ಥರಾಗಿದ್ದರು. ಕುಂದಾಪುರದ ಕಡೆಯಿಂದ ಬಂದವರು ಮದ್ರಾಸಿನಲ್ಲಿ ಮಾಡುತ್ತಿದ್ದ ಕೆಲಸವೇ ಅದು. ಇಡೀ ಟಿ. ನಗರ ಅಪ್ಪನ ಕೈಯ ಸಾಂಬಾರನ್ನು ಹೊಗಳಿದರೂ ಗೋದತ್ತೆ ಅದನ್ನು ಒಂದು ದಿನವೂ ಮುಟ್ಟಲಿಲ್ಲ. ಹೋಟೆಲಿನ ಪಾತ್ರೆಯಲ್ಲಿ ಬೆಂದದ್ದು ಅವರ ಮಡಿಗೆ ಆಗುತ್ತಿರಲಿಲ್ಲ. ಹಾಗಾಗಿ ನೂರಾರು ಜನಕ್ಕೆ ಬಡಿಸಿ ಬಂದ ಅಪ್ಪ ಮಧ್ಯಾಹ್ನ ಮನೆಯಲ್ಲಿ ಅಕ್ಕನ ಎದುರು ಕುಳಿತು, ಅವರು ಮಾಡಿದ ಕುಚ್ಚಲಕ್ಕಿ ಗಂಜಿ ಮತ್ತು ಸೌತೆಕಾಯಿ ಹುಳಿಯನ್ನು ತಲೆ ಬಗ್ಗಿಸಿ ಉಣ್ಣುತ್ತಿದ್ದರು. ಉಪ್ಪು ಕಡಿಮೆ ಇದೆ ಎನ್ನುವ ಧೈರ್ಯ ಅವರಿಗೂ ಇರಲಿಲ್ಲ.

ಗೋದತ್ತೆ ಹದಿನಾರನೇ ವಯಸ್ಸಿಗೇ ಗಂಡನನ್ನು ಕಳೆದುಕೊಂಡವರು. ಅಪ್ಪನಿಗೆ ಮದ್ರಾಸಿನಲ್ಲಿ ಕೆಲಸ ಸಿಕ್ಕಿದಾಗ ತಮ್ಮನಿಗೆ ಬೇಯಿಸಿ ಹಾಕಲು ಜೊತೆಗೆ ಬಂದವರು ಮತ್ತೆ ಊರಿಗೆ ಹೋಗಲಿಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವರಿಗೆ ನಲವತ್ತೈದು ದಾಟಿತ್ತು. ಸದಾ ಕಂದು ಬಣ್ಣದ ಹತ್ತಿ ಸೀರೆ, ತಲೆಯ ಮೇಲೆ ಸೆರಗು, ಅದರ ಕೆಳಗೆ ಅಗಲವಾದ ಎರಡು ಭುಜ. ಆ ಭುಜಗಳನ್ನು ಆಗ ನಾನು ಗಮನಿಸಿಯೇ ಇರಲಿಲ್ಲ. ಮನೆಯ ದೊಡ್ಡ ಹೆಂಗಸಿನ ಭುಜವನ್ನು ಯಾರು ನೋಡುತ್ತಾರೆ. ಅವರ ಬಾಯಿಯ ಕುಂದಾಪುರದ ಕನ್ನಡವೂ ಊರಿನಿಂದ ಬಂದ ಹಾಗೆಯೇ ಉಳಿದಿತ್ತು, ಹುಡುಗಿಯಾದ ನಾನು ಅವರಿಗೆ ಯಾವಾಗಲೂ 'ಹೆಣೆ'. ನಾನು ಶಾಲೆಯಿಂದ ತಮಿಳು ಹೊತ್ತುಕೊಂಡು ಬಂದು ಅವರಿಗೆ ಅದರಲ್ಲೇ ಉತ್ತರ ಕೊಟ್ಟರೆ ಅವರು ಕೇಳಿಸದವರಂತೆ ಅಕ್ಕಿ ಆರಿಸುತ್ತಿದ್ದರು. ಕನ್ನಡದಲ್ಲಿ ಕೇಳುವವರೆಗೆ ಊಟಕ್ಕೆ ಮಜ್ಜಿಗೆ ಬೀಳುತ್ತಿರಲಿಲ್ಲ. ನನಗೆ ಇವತ್ತು ನಾಲ್ಕು ಸಾಲು ಕನ್ನಡ ಬರೆಯಲು ಬರುತ್ತಿದ್ದರೆ ಅದು ಮಜ್ಜಿಗೆಯ ಋಣ.

ಈಜು ನಮ್ಮ ಮನೆಗೆ ಬಂದದ್ದು ಶಾಲೆಯ ಡ್ರಿಲ್ ಟೀಚರ್ ಥೆರೇಸಾ ಮಿಸ್ ಮೂಲಕ. ನುಂಗಂಬಾಕ್ಕಂನ ಒಂದು ಹಳೆಯ ಬಂಗಲೆಯ ಅಂಗಳದಲ್ಲಿ ಈಜುಕೊಳವಿತ್ತು. ಬಂಗಲೆಯವರನ್ನು ಕಾಡಿ ಬೇಡಿ, ಬೆಳಗಿನ ಎರಡು ಗಂಟೆ ಅದನ್ನು ಶಾಲೆಯ ಹುಡುಗಿಯರಿಗೆ ಬಿಡಿಸಿಕೊಂಡಿದ್ದರು ಮಿಸ್. ಹನ್ನೊಂದು ಹುಡುಗಿಯರು ಹೋಗುತ್ತಿದ್ದೆವು. ಮೊಣಕಾಲು ಮುಚ್ಚುವ ಲಂಗದಂಥ ಈಜುಡುಗೆ, ತಲೆಗೆ ರಬ್ಬರಿನ ಟೊಪ್ಪಿ. ನಾನು ನೀರಿಗೆ ಬಿದ್ದ ಮೊದಲ ವಾರವೇ ಗೊತ್ತಾಯಿತು, ಭೂಮಿಯ ಮೇಲೆ ಎಡವುತ್ತ ಓಡಾಡುವ ಈ ನಾಗವೇಣಿ ನೀರಿನಲ್ಲಿ ಬೇರೆಯೇ ಒಬ್ಬಳು ಎಂದು. ಅಮ್ಮನಿಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. ಹುಡುಗಿ ಕಪ್ಪಾಗುತ್ತಾಳೆ, ಕೂದಲು ಉದುರುತ್ತದೆ, ಮೈಯೆಲ್ಲ ಆಸ್ಪತ್ರೆಯ ವಾಸನೆ ಹೊಡೆಯುತ್ತದೆ ಎಂದು ದಿನಾ ಬೆಳಿಗ್ಗೆ ಒಂದು ಸುತ್ತು ಹೇಳುತ್ತಿದ್ದಳು. ಕೊನೆಗೆ ಅಪ್ಪನ ಮಧ್ಯಸ್ಥಿಕೆಯಲ್ಲಿ ಒಂದು ಒಪ್ಪಂದವಾಯಿತು. ಬೇಸಿಗೆ ರಜೆ ಮುಗಿಯುವುದರೊಳಗೆ ಮಿಸ್ ಸ್ಪರ್ಧೆಗೆ ನಾಲ್ವರ ತಂಡ ಆರಿಸುತ್ತಾರೆ. ಅದರಲ್ಲಿ ನಾನಿದ್ದರೆ ಮುಂದೆಯೂ ಹೋಗಬಹುದು, ಇಲ್ಲದಿದ್ದರೆ ಈಜು ಅಲ್ಲಿಗೇ ಮುಗಿಯಿತು. ಹದಿಮೂರು ವರ್ಷದ ನನಗೆ ಆ ಬೇಸಿಗೆಯಲ್ಲಿ ಅದಕ್ಕಿಂತ ದೊಡ್ಡ ವಿಷಯ ಪ್ರಪಂಚದಲ್ಲಿ ಇರಲಿಲ್ಲ.

ನನ್ನ ತೊಂದರೆ ಕೈಗಳದ್ದು. ಕಾಲು ಬಡಿದು ಬಡಿದು ಮುಂದೆ ಹೋಗುತ್ತಿದ್ದೆನೇ ಹೊರತು ಕೈಗಳು ನೀರನ್ನು ಹಿಡಿಯುತ್ತಿರಲಿಲ್ಲ. ಅದಕ್ಕೆ ಮಿಸ್ ಒಂದು ಮದ್ದು ಹೇಳಿದರು. ಪಾದದ ಮೇಲೆ, ಎರಡೂ ಕಾಲುಗಳ ಹರಡಿಗೆ ಸೇರಿಸಿ ಒಂದು ರಬ್ಬರ್ ಪಟ್ಟಿ ಹಾಕಿಕೊಳ್ಳಬೇಕು. ಕಾಲು ಆಡಿಸಲು ಆಗುವುದಿಲ್ಲ. ಇನ್ನು ಮುಳುಗದೆ ಇರಬೇಕೆಂದರೆ ಕೈಯೇ ಗತಿ. ಅಂಥ ಪಟ್ಟಿ ಅಂಗಡಿಯಲ್ಲಿ ಸಿಗುವುದಿಲ್ಲ, ಹಳೇ ಸೈಕಲ್ ಟ್ಯೂಬಿನಲ್ಲಿ ಮನೆಯಲ್ಲೇ ಮಾಡಿಕೊಂಡು ಬನ್ನಿ ಎಂದರು. ತಂಡದ ಆಯ್ಕೆಯೂ ಅದನ್ನು ಹಾಕಿಕೊಂಡೇ. ಕಾಲು ಕಟ್ಟಿಕೊಂಡು ಕೊಳದ ಈ ತುದಿಯಿಂದ ಆ ತುದಿಗೆ ಒಂದು ಸಲವೂ ಒದೆಯದೆ ಹೋಗಬೇಕು.

ಅಪ್ಪನ ಸೈಕಲ್ಲಿನ ಹಳೇ ಟ್ಯೂಬನ್ನು ನಾನು ಹಿಂದಿನ ಜಗಲಿಗೆ ತಂದೆನೋ ಇಲ್ಲವೋ, ಗೋದತ್ತೆ ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಕೈ ಅಡ್ಡ ಮಾಡಿದರು.

"ಅಲ್ಲೇ ನಿಲ್ಲ್. ಅದ್ ಎಂತ ಹೆಣೆ?"

"ಟ್ಯೂಬ್ ಅತ್ತೆ. ಕಾಲಿಗ್ ಕಟ್ಟುಕೆ."

"ಬೀದಿಯಗಿಪ್ಪು ಸಗಣಿ, ಉಗುಳು ಎಲ್ಲ ಮೆಟ್ಟಿದ್ದನ್ನ ಒಳಗ್ ತತ್ತ್ಯಾ?"

ಅಮ್ಮ ಒಳಗಿನಿಂದಲೇ ಧ್ವನಿಗೂಡಿಸಿದಳು:

"ಹೇಳಿ ಅತ್ತಿಗೆ, ನೀವಾರೂ ಹೇಳಿ. ನನ್ನ ಮಾತ್ ಈ ಮನೆಯಗೆ ಯಾರಿಗೂ ಬ್ಯಾಡ."

ಬೀದಿ ಮೆಟ್ಟುವುದು ಹೊರಗಿನ ಟೈರು, ಇದು ಅದರೊಳಗೆ ಇದ್ದದ್ದು ಎಂದು ನಾನು ವಾದ ಹೂಡಿದೆ. ಗೋದತ್ತೆ ಹೊಸ್ತಿಲಿನಿಂದಲೇ ಬಗ್ಗಿ ಟ್ಯೂಬನ್ನು ನೋಡಿದರು. ಅವರ ಮಡಿ ಅಂದರೆ ಸುಮ್ಮನೆ ಮುಟ್ಟಬೇಡ ಎನ್ನುವ ಮಡಿಯಲ್ಲ. ಪ್ರತಿಯೊಂದಕ್ಕೂ ಅವರದೇ ಆದ ವಿಚಾರಣೆ, ಅವರದೇ ಆದ ತೀರ್ಪು. ಇದು ಚರ್ಮವೋ ಎಂದು ಕೇಳಿದರು. ಅಲ್ಲ, ಮರವನ್ನು ಕೊರೆದರೆ ಬರುವ ಹಾಲಿನಿಂದ ಮಾಡುತ್ತಾರೆ ಎಂದು ನಾನು ಪಾಠದಲ್ಲಿ ಓದಿದ್ದನ್ನು ಹೇಳಿದೆ. ಅವರ ಮುಖದ ಗಂಟು ಸಡಿಲವಾಯಿತು.

"ಮರದ ಹಾಲ್ ಅಲ್ದಾ ಅದ್? ಹಂಗಾರೆ ಹಲಸಿನ ಮೇಣ ಇದ್ದಂಗೆ. ತೊಳ್ದರೆ ಅಡ್ಡಿ ಇಲ್ಲೆ."

ಅಲ್ಲಿಗೆ ಸೈಕಲ್ ಟ್ಯೂಬು ನಮ್ಮ ಮನೆಯೊಳಗೆ ಬಂತು. ಅಮ್ಮ ಪಾತ್ರೆಯನ್ನು ಸ್ವಲ್ಪ ಜೋರಾಗಿ ಇಟ್ಟಳು, ಅಷ್ಟೆ. ಬಾವಿಕಟ್ಟೆಯ ಮೇಲೆ ಗೋದತ್ತೆ ಅಂಟುವಾಳಕಾಯಿಯ ನೊರೆಯಲ್ಲಿ ಅದನ್ನು ಮೂರು ಸಲ ತೊಳೆದು, ಕೆಳಗೆ ಕೂತು, ನನ್ನ ಎರಡೂ ಪಾದಗಳನ್ನು ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಚಿಕ್ಕಂದಿನಲ್ಲಿ ನನಗೆ ಗೆಜ್ಜೆ ತೊಡಿಸುತ್ತಿದ್ದದ್ದೂ ಹಾಗೆಯೇ. ಒಂದು ಗೇಣು, ಅದರ ಮೇಲೆ ನಾಲ್ಕು ಬೆರಳು ಎಂದು ಕಾಲಿನ ಸುತ್ತ ಕೈಯಲ್ಲೇ ಅಳೆದರು. ಇದು ಎಂತಕ್ಕೆ ಎಂದು ಕೇಳಿದರು. ಕಾಲು ಆಡಿಸದೆ ಬರೀ ಕೈಯಲ್ಲಿ ಈಜಲು ಕಲಿಯಬೇಕು, ಅದು ಬಹಳ ಕಷ್ಟ ಎಂದು ಹೆಮ್ಮೆಯಿಂದಲೇ ಹೇಳಿದೆ.

"ಅಷ್ಟೇಯಾ?" ಎಂದರು ಗೋದತ್ತೆ, ಟ್ಯೂಬಿನಿಂದ ಕಣ್ಣೆತ್ತದೆ.

ನನಗೆ ಸ್ವಲ್ಪ ಕೋಪ ಬಂತು. ಅಡುಗೆಮನೆಯಿಂದ ಬಾವಿಗೆ, ಬಾವಿಯಿಂದ ಅಡುಗೆಮನೆಗೆ ನಡೆದವರಿಗೆ ಇದರ ಕಷ್ಟ ಹೇಗೆ ಗೊತ್ತಾಗಬೇಕು ಎಂದುಕೊಂಡೆ.

ಮೊದಲ ಪಟ್ಟಿಗೆ ತುದಿಗಳನ್ನು ಸೇರಿಸಿ ಗಂಟು ಹಾಕಿದರು. ಗಂಟು ಹರಡಿನ ಮೂಳೆಗೆ ಒತ್ತಿ ಒಂದೇ ದಿನಕ್ಕೆ ಚರ್ಮ ಕಿತ್ತು ಬಂತು. ಎರಡನೆಯದಕ್ಕೆ ತಮ್ಮ ಹಳೇ ಸೀರೆಯ ಚೂರನ್ನು ಒರೆಯಂತೆ ಹೊಲಿದರು. ಬಟ್ಟೆ ನೀರು ಕುಡಿದು ಭಾರವಾಗಿ ನನ್ನನ್ನು ಕೆಳಕ್ಕೆ ಎಳೆಯಿತು, ಮೇಲಾಗಿ ಬಣ್ಣ ಬಿಟ್ಟು ಪಾದಗಳೆರಡೂ ಕಂದಾದವು. ಹುಡುಗಿಯರೆಲ್ಲ ನಕ್ಕರು. ಮೂರನೆಯದಕ್ಕೆ ಗೋದತ್ತೆ ಅರ್ಧ ದಿನ ತೆಗೆದುಕೊಂಡರು. ಗಂಟೇ ಬೇಡವೆಂದು ಎರಡು ತುದಿಗಳನ್ನು ಓರೆಯಾಗಿ ಕತ್ತರಿಸಿ, ಒಂದರ ಮೇಲೊಂದು ಮಲಗಿಸಿ, ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುವ ಹಾಗೆ ನೆನೆಸಿದ ಹತ್ತಿ ದಾರವನ್ನು ಸುತ್ತಿ ಸುತ್ತಿ ಬಿಗಿದರು. ಅವರು ಕಟ್ಟಿದ ಭರಣಿಯನ್ನು ತೆರೆಯಲು ಅಪ್ಪನೂ ಚಾಕು ಕೇಳುತ್ತಿದ್ದರು, ಅಂಥ ಕಟ್ಟು. ದಾರದ ತುದಿ ಎಲ್ಲಿ ಮುಗಿದಿದೆ ಎಂದು ಎಷ್ಟು ಹುಡುಕಿದರೂ ಸಿಗುತ್ತಿರಲಿಲ್ಲ. ಕಾಲಿಗೆ ಏರಿಸಿದರೆ ಪಟ್ಟಿ ಎಂಟರ ಅಂಕಿಯ ಹಾಗೆ ನಡುವೆ ಒಂದು ತಿರುಚು ತಿರುಚಿಕೊಂಡು, ಎರಡು ಹರಡನ್ನೂ ಹಿತವಾಗಿ ಹಿಡಿದು ಕೂರುತ್ತಿತ್ತು. ಥೆರೇಸಾ ಮಿಸ್ ಅದನ್ನು ಕೈಯಲ್ಲಿ ಹಿಡಿದು ಎಳೆದು ನೋಡಿದರು, ಯಾರು ಮಾಡಿದ್ದು ಎಂದು ಕೇಳಿದರು. ಎಂಗ ಅತ್ತೈ, ಮಿಸ್, ಎಂದೆ. ಗುಡ್ ಎಂದರು. ಮಿಸ್ ಬಾಯಲ್ಲಿ ಆ ಮಾತು ತಿಂಗಳಿಗೊಮ್ಮೆ ಬಂದರೆ ಹೆಚ್ಚು.

ಆ ಪಟ್ಟಿ ಹಾಕಿಕೊಂಡ ಮೇಲೆ ನನ್ನ ಈಜು ಬದಲಾಗತೊಡಗಿತು. ಮೊದಮೊದಲು ಕಾಲು ಕಲ್ಲಿನಂತೆ ಇಳಿಯುತ್ತಿತ್ತು. ಹತ್ತು ದಿನದಲ್ಲಿ ಅರ್ಧ ಕೊಳ, ಮೂರು ವಾರದಲ್ಲಿ ಮುಕ್ಕಾಲು. ಮನೆಗೆ ಬಂದರೆ ಗೋದತ್ತೆ ಬಾಗಿಲಲ್ಲೇ ತಡೆದು, ಎಷ್ಟೋ ಜನ ಮೈ ತೊಳೆದ ನೀರು ಅದು ಎಂದು, ಬಾವಿಕಟ್ಟೆಯಲ್ಲಿ ನನಗೆ ಇನ್ನೊಂದು ಸ್ನಾನ ಮಾಡಿಸುತ್ತಿದ್ದರು. ಆಮೇಲೆ ತಟ್ಟೆ ತುಂಬ ಗಂಜಿ, ಮೇಲೆ ತುಪ್ಪ, ಪಕ್ಕದಲ್ಲಿ ಮಾವಿನಮಿಡಿ. ನಾನು ಉಣ್ಣುವಾಗ ಎದುರು ಕೂತು, ಇವತ್ತು ಎಲ್ಲಿಯವರೆಗೆ ಹೋದೆ ಎಂದು ಕೇಳುತ್ತಿದ್ದರು. ಬೇರೆ ಯಾರೂ ಕೇಳುತ್ತಿರಲಿಲ್ಲ. ಕಾಲುಪಟ್ಟಿಗೆ ಹಿಂದಿನ ಜಗಲಿಯಲ್ಲಿ, ಬಾಳೆಲೆಯ ಕಟ್ಟು ತೂಗುವ ಮೊಳೆಯ ಪಕ್ಕ, ಅದರದೇ ಒಂದು ಮೊಳೆ ಸಿಕ್ಕಿತ್ತು.

ಆಯ್ಕೆಯ ದಿನ ಪಟ್ಟಿಯನ್ನು ಮೊಳೆಯಿಂದ ತೆಗೆದಾಗ ಅದು ಎಂದಿಗಿಂತ ಮೆತ್ತಗಿತ್ತು. ಕೈಗೆ ಸ್ವಲ್ಪ ಅಂಟಿತು. ಗಡಿಬಿಡಿಯಲ್ಲಿದ್ದೆ, ಗಮನ ಕೊಡಲಿಲ್ಲ. ನನ್ನ ಸರದಿ ಬಂದಾಗ ಕಾಲಿಗೆ ಏರಿಸಿಕೊಂಡು ಗೋಡೆಯನ್ನು ಬಿಟ್ಟೆ. ಅರ್ಧ ಕೊಳದವರೆಗೆ ನಾನು ಎಂದೂ ಹಾಗೆ ಈಜಿರಲಿಲ್ಲ. ಕೈ ನೀರನ್ನು ಹಿಡಿಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಅಷ್ಟರಲ್ಲಿ ಹರಡಿನ ಬಳಿ ಏನೋ ಸಡಿಲವಾಗಿ ಪಾದದ ಕಡೆಗೆ ಜಾರಿತು. ಇನ್ನೆರಡು ಸಲ ಕೈ ಬೀಸುವಷ್ಟರಲ್ಲಿ ಬೆರಳಿನಿಂದಲೂ ಕಳಚಿಕೊಂಡು ಹೋಯಿತು. ಆಗ ಕಾಲುಗಳನ್ನು ಜೋಡಿಸಿಕೊಂಡೇ ಹೋಗಬಹುದಿತ್ತು. ನಾನು ಹೆದರಿದೆ, ಒದ್ದೆ. ಒಂದು ಸಲವಲ್ಲ, ನಾಲ್ಕೈದು ಸಲ. ಮಿಸ್ ಸೀಟಿ ಊದಿದರು. ಪಟ್ಟಿ ನನ್ನ ಹಿಂದೆ ನೀರಿನಲ್ಲಿ, ಸುತ್ತಿಕೊಂಡ ಹಾವಿನ ಮರಿಯಂತೆ ತೇಲುತ್ತಿತ್ತು. ಬೇಕೆಂದೇ ಸಡಿಲ ಪಟ್ಟಿ ತಂದು ಮೋಸ ಮಾಡಲು ನೋಡಿದೆ, ನಿನ್ನಿಂದ ಇದನ್ನು ಎಣಿಸಿರಲಿಲ್ಲ ಎಂದು ಮಿಸ್ ತಮಿಳಿನಲ್ಲಿ ಎಲ್ಲರ ಎದುರೇ ಹೇಳಿದರು. ಮರುದಿನ ಸಂಜೆಗೆ ಸ್ಪರ್ಧೆ ನಡೆಸುವವರಿಗೆ ತಂಡದ ಹೆಸರುಗಳ ಪಟ್ಟಿ ಹೋಗುತ್ತದೆ, ಅದರಲ್ಲಿ ನಿನ್ನದು ಇರುವುದಿಲ್ಲ ಎಂದೂ ಹೇಳಿದರು.

ಮನೆಗೆ ಬಂದು, ಮಿಸ್ ಮೋಸಗಾರ್ತಿ ಎಂದದ್ದನ್ನು ಹೇಳುತ್ತಲೇ ಕಾಲುಪಟ್ಟಿಯನ್ನು ಜಗಲಿಯ ಮೇಲೆ ಎಸೆದೆ. ಗೋದತ್ತೆ ತೆಂಗಿನಕಾಯಿ ತುರಿಯುತ್ತಿದ್ದರು.

"ಇದಕ್ಕೆ ಎಂತ ಮಾಡಿದ್ರಿ ಅತ್ತೆ?"

"ಎಂತ ಮಾಡ್ಲಿಲ್ಲೆ. ದಿನಾ ಒಂದ್ಚೂರ್ ಎಣ್ಣೆ ಹಚ್ತಿದ್ದೆ. ಎಣ್ಣೆ ಹಚ್ಚದ್ದೆ ಇಟ್ರೆ ಒಣಗಿ ಬಿರ್ಕ್ ಬಿಡತ್ತಲೆ."

ನಾನು ಆಗ ಆಡಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ.

"ನಿಮಗ್ ಈಜು ಅಂದ್ರೆ ಎಂತ ಗೊತ್ತಿತ್ತ್? ನಿಮ್ಮಿಂದ್ಲೇ ಎಲ್ಲ ಹಾಳಾಯ್ತ್."

ಅಮ್ಮ ಒಳಗಿನಿಂದ ಬಂದವಳು ನನ್ನ ಕೆನ್ನೆಗೆ ಒಂದು ಬಿಟ್ಟಳು. ಈಜು ಬೇಡವೆಂದು ತಿಂಗಳುಗಟ್ಟಲೆ ಹೇಳಿದವಳು ಅಂದು ಹೊಡೆದದ್ದು ಈಜಿಗಲ್ಲ, ಗೋದತ್ತೆಗೆ ಎದುರಾಡಿದ್ದಕ್ಕೆ. ನಾನು ನಡುವಿನ ಕೋಣೆಗೆ ಹೋಗಿ ಚಾಪೆಯ ಮೇಲೆ ಮಗುಚಿ ಬಿದ್ದೆ. ಊಟಕ್ಕೆ ಏಳಲಿಲ್ಲ. ಗೋದತ್ತೆ ಕಾಯಿ ತುರಿದು ಮುಗಿಸಿ, ಕೈ ತೊಳೆದು, ಪಟ್ಟಿಯನ್ನು ಎತ್ತಿ ಮೂಸಿದರು, ಎಳೆದು ನೋಡಿದರು. ಆಮೇಲೆ ಸೆರಗು ಹೊದ್ದು ಹೊರಟರು ಎಂದು ಅಮ್ಮ ನಂತರ ಹೇಳಿದಳು. ಹೊರಟದ್ದು ಎಲ್ಲಿಗೆ ಅಂದರೆ ಓಣಿಯ ಮೂಲೆಯ ಸೈಕಲ್ ಅಂಗಡಿಗೆ. ಮೂವತ್ತು ವರ್ಷ ಮದ್ರಾಸಿನಲ್ಲಿದ್ದು ದೇವಸ್ಥಾನ ಬಿಟ್ಟರೆ ಬೇರೆಲ್ಲಿಗೂ ಒಬ್ಬರೇ ಹೋಗದ ಹೆಂಗಸು ಪಂಕ್ಚರ್ ಹಾಕುವ ಮುದುಕನ ಮುಂದೆ ನಿಂತು, ತಮಗೆ ಬರುವಷ್ಟು ತಮಿಳಿನಲ್ಲಿ ಕೇಳಿದರಂತೆ: ಇದು ಹೀಗೇಕಾಯಿತು? ಆತ ಪಟ್ಟಿಯನ್ನು ಮುಟ್ಟಿದ ಕೂಡಲೇ, ರಬ್ಬರಿಗೆ ಎಣ್ಣೆ ಸೋಕಿದರೆ ಅದು ಉಬ್ಬಿ ಸತ್ತೇ ಹೋಗುತ್ತದೆ, ತಾಯೇ, ಇದಕ್ಕೆ ಬಿಳಿ ಪುಡಿ ಹಾಕಬೇಕು ಎಂದು ಹೇಳಿದನಂತೆ. ಹೇಳಿ, ಒಂದು ಹಳೇ ಟ್ಯೂಬನ್ನೂ ಕಾಗದದಲ್ಲಿ ಒಂದಿಷ್ಟು ಪುಡಿಯನ್ನೂ ಕೊಟ್ಟನಂತೆ.

ಸಂಜೆ ಎದ್ದಾಗ ಅಪ್ಪ ಬಂದಿದ್ದರು. ಜಗಲಿಯಲ್ಲಿ ಗೋದತ್ತೆ ಹೊಸ ಪಟ್ಟಿಯ ಕೊನೆಯ ಸುತ್ತು ಸುತ್ತುತ್ತಿದ್ದರು. ಅಪ್ಪ ಅವರ ಎದುರು ದಾರದ ಉಂಡೆ ಹಿಡಿದು ಕೂತಿದ್ದರು, ಚಿಕ್ಕ ಹುಡುಗನ ಹಾಗೆ.

"ನಾಳೆ ನಾನೂ ಬತ್ತೆ," ಎಂದರು ಗೋದತ್ತೆ. "ತಪ್ಪ್ ನಂದ್. ಮಗುಗೆ ಮೋಸಗಾರ್ತಿ ಅಂಬ್ರ್ ಅಂದ್ರೆ ಹ್ಯಾಂಗೆ?"

"ಬಸ್ಸಿಗೆ ಹೋಯ್ನಿ ಅಕ್ಕ, ದೂರ ಇತ್ತ್," ಎಂದರು ಅಪ್ಪ.

"ಬಸ್ಸಗೆ ಯಾರ್ಯಾರೋ ತಾಗ್ತ್ರ್. ನಡ್ಕಂಡೇ ಹೋತೆ."

ಮರುದಿನ ಬೆಳಗ್ಗೆ ನಡೆದೇ ಹೋದೆವು. ರೈಲು ಹಳಿ ದಾಟಿ, ಇನ್ನೂ ಬಾಗಿಲು ತೆರೆಯದ ಅಂಗಡಿಗಳ ಮುಂದೆ, ಗೋದತ್ತೆ ಬರಿಗಾಲಲ್ಲಿ, ನಾನು ಎರಡು ಹೆಜ್ಜೆ ಹಿಂದೆ. ಕ್ಷಮಿಸಿ ಎನ್ನಲು ನನಗೆ ಬಾಯಿ ಬರಲಿಲ್ಲ. ಅವರೂ ಅದಕ್ಕೆ ಕಾದಂತೆ ಕಾಣಲಿಲ್ಲ. ಕೊಳದ ಹತ್ತಿರ ಥೆರೇಸಾ ಮಿಸ್ ಅವರನ್ನು ಮೇಲಿನಿಂದ ಕೆಳಗೆ ನೋಡಿ, ಯಾರ್ ಇವಂಗ ಎಂದು ನನ್ನನ್ನು ಕೇಳಿದರು. ಗೋದತ್ತೆ ತಾವೇ ಮುಂದೆ ಬಂದರು. ಹಳೇ ಪಟ್ಟಿಯನ್ನೂ ಹೊಸ ಪಟ್ಟಿಯನ್ನೂ ಎರಡು ಕೈಯಲ್ಲಿ ಹಿಡಿದು, ತಮಿಳು ಕನ್ನಡ ಎರಡನ್ನೂ ಕಲಸಿ, ನಡೆದದ್ದನ್ನು ನಡೆದ ಹಾಗೆ ಹೇಳಿದರು: ಎಣ್ಣೆ ಹಚ್ಚಿದ್ದು ನಾನು, ಹುಡುಗಿಗೆ ಗೊತ್ತಿರಲಿಲ್ಲ, ಶಿಕ್ಷೆ ಯಾರಿಗಾದರೂ ಆಗಬೇಕಾದರೆ ನನಗೆ ಆಗಲಿ. ಬೇಡುವ ಧ್ವನಿ ಅದಲ್ಲ. ಅಡುಗೆ ಕೆಟ್ಟ ದಿನ ಅಪ್ಪನಿಗೆ, ಇವತ್ತು ಹುಳಿ ಸರಿಯಾಗಲಿಲ್ಲ, ತಪ್ಪು ನಂದು ಎಂದು ಹೇಳುತ್ತಿದ್ದ ಅದೇ ಧ್ವನಿ. ಮಿಸ್ ಹಳೇ ಪಟ್ಟಿಯನ್ನು ಮುಟ್ಟಿ, ಬೆರಳಿಗೆ ಅಂಟಿದ್ದನ್ನು ನೋಡಿ, ಸರಿ, ಇನ್ನೊಂದು ಸಲ ಎಂದರು.

ಹೊಸ ಪಟ್ಟಿ ಹಾಕಿಕೊಂಡು ನೀರಿಗಿಳಿದೆ. ಆದರೆ ಗೋಡೆಯನ್ನು ಬಿಡಲು ಕೈ ಬರಲಿಲ್ಲ. ಹಿಂದಿನ ದಿನದ ಸೀಟಿ, ಎಲ್ಲರ ಕಣ್ಣು, ಅಮ್ಮನ ಒಪ್ಪಂದ ಎಲ್ಲ ಒಟ್ಟಿಗೇ ನೆನಪಾದವು. ಬಿಟ್ಟೆ, ನಾಲ್ಕು ಮಾರು ಹೋಗುವಷ್ಟರಲ್ಲಿ ಕಾಲು ಕೆಳಗಿಳಿದು ಮುಳುಗಿದೆ. ಕೆಮ್ಮುತ್ತ ಹಿಂದೆ ಬಂದು ಗೋಡೆ ಹಿಡಿದೆ. ಆಗುವುದಿಲ್ಲ ಎಂದೆ, ಗೋದತ್ತೆಗೆ, ಕನ್ನಡದಲ್ಲೇ.

ಅವರು ಮಿಸ್ ಕಡೆ ಒಮ್ಮೆ ನೋಡಿದರು. ತಲೆಯ ಮೇಲಿನ ಸೆರಗನ್ನು ಬಿಗಿದು, ಅದರ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿದರು. ಮೆಟ್ಟಿಲಿಳಿದು, ನಮ್ಮ ಬಾವಿಕಟ್ಟೆಯಲ್ಲಿ ತಲೆಗೆ ನೀರು ಸುರಿದುಕೊಳ್ಳುವಷ್ಟೇ ಸಹಜವಾಗಿ, ಉಟ್ಟ ಸೀರೆಯಲ್ಲಿ ಕುತ್ತಿಗೆಯವರೆಗೆ ನೀರಿಗೆ ಇಳಿದರು. ಎಷ್ಟೋ ಜನ ಮೈ ತೊಳೆದ ನೀರು ಎಂದು ನನಗೆ ದಿನಾ ಎರಡನೇ ಸ್ನಾನ ಮಾಡಿಸುತ್ತಿದ್ದ ಅದೇ ಗೋದತ್ತೆ.

"ಸೀರಿ ಉಟ್ಕಂಡ್ ಈಜ್ದವರಿಗೆ ಕಾಲ್ ಯಾವತ್ತೂ ಕಟ್ಟಿದ್ದೇ, ಹೆಣೆ," ಎಂದರು. "ನೀರಗ್ ಇಳಿದ್ ಕೂಡ್ಲೆ ಸೀರಿ ಕಾಲಿಗ್ ಸುತ್ಕಂತ್ತ್. ನಾವೆಲ್ಲ ಹೊಳಿ ದಾಟಿದ್ದ್ ಹಂಗೇ. ಕಾಲನ್ನ ಎತ್ತುಕೆ ಹೋಗ್ಬೇಡ. ತಲಿ ಕೆಳಗ್ ಹಾಕ್, ಎದಿ ಒತ್ತ್. ಕಾಲ್ ತನ್ನಷ್ಟಕ್ಕೇ ಬತ್ತ್. ಕಾಣ್."

ಹೊರಟರು. ಸೀರೆ ಅವರ ಕಾಲುಗಳಿಗೆ ಒಂದು ಪಟ್ಟಿಯಲ್ಲ, ಸೊಂಟದಿಂದ ಪಾದದವರೆಗೆ ಒಂದೇ ಕಟ್ಟಾಗಿ ಸುತ್ತಿಕೊಂಡಿತ್ತು. ಅದನ್ನು ಎಳೆದುಕೊಂಡು ಆ ಎರಡು ಭುಜಗಳು ಹೋಗುತ್ತಿದ್ದವು. ಆಗ ನೋಡಿದೆ ನಾನು ಅವರ ಭುಜಗಳನ್ನು, ಮೊದಲ ಸಲ. ಅವಸರವಿಲ್ಲ, ಸದ್ದಿಲ್ಲ, ನೀರು ಚಿಮ್ಮುವುದಿಲ್ಲ. ಹೊಳೆ ದಾಟಿ ಹೋದ ಎಮ್ಮೆಯನ್ನು ಮರಳಿ ತರಲು ಹೋಗುವ ಹುಡುಗಿಗೆ ಅವಸರ ಏಕಿರಬೇಕು. ಎಮ್ಮೆಯ ಕತೆಯನ್ನು ಅವರು ಹೇಳಿದ್ದು ಆಮೇಲೆ. ತವರಿನಲ್ಲಿದ್ದಾಗ ಅದು ಅವರದೇ ಕೆಲಸವಾಗಿತ್ತಂತೆ. ಹದಿನಾರರ ನಂತರ ಯಾರೂ ಹೊಳೆಗೆ ಬಿಡಲಿಲ್ಲವಂತೆ. ಮೂವತ್ತೈದು ವರ್ಷಕ್ಕೂ ಹೆಚ್ಚಾದ ಮೇಲೆ ನೀರಿಗಿಳಿದವರು ಕೊಳದ ಅಷ್ಟುದ್ದವನ್ನೂ ದಾಟಿ, ಆ ಕಡೆಯ ಗೋಡೆಯನ್ನು ಹಿಡಿದು ನಿಂತು, ಮುಖದ ನೀರನ್ನು ಒರೆಸಿಕೊಂಡರು. ತಲೆಯ ಸೆರಗು ಜಾರಿರಲಿಲ್ಲ. ಹತ್ತು ಹುಡುಗಿಯರೂ ಬಾಯಿ ಬಿಟ್ಟುಕೊಂಡು ನಿಂತಿದ್ದರು. ಥೆರೇಸಾ ಮಿಸ್ ತುಟಿಯಲ್ಲಿದ್ದ ಸೀಟಿಯನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನಗೆ ಅಳು ಬಂತು. ನೀರಿನಲ್ಲಿದ್ದೆನಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

"ಬಾ," ಎಂದರು ಗೋದತ್ತೆ ಆ ಕಡೆಯಿಂದ.

ತಲೆಯನ್ನು ಕೆಳಗೆ ಹಾಕಿದೆ, ಎದೆಯನ್ನು ಒತ್ತಿದೆ, ಹೋದೆ. ಒಂದು ಸಲವೂ ಒದೆಯಲಿಲ್ಲ. ಕೈ ಗೋಡೆಗೆ ತಾಗುವ ಮೊದಲು ತಾಗಿದ್ದು ಅವರ ಒದ್ದೆ ಸೀರೆಗೆ.

ತಂಡದಲ್ಲಿ ನನ್ನ ಹೆಸರು ಸೇರಿತು. ಅಮ್ಮ ಮಾತಿಗೆ ತಪ್ಪುವವಳಲ್ಲ, ಮತ್ತೆ ಬೇಡ ಎನ್ನಲಿಲ್ಲ. ತಲೆಗೆ ಹಾಕುವ ಎಣ್ಣೆಯನ್ನು ಮಾತ್ರ ಎರಡರಷ್ಟು ಮಾಡಿದಳು. ಮಿಸ್ ಎಲ್ಲ ಹುಡುಗಿಯರಿಗೂ ಅಂಥದ್ದೇ ಪಟ್ಟಿ ಬೇಕೆಂದು ಹೇಳಿ ಕಳಿಸಿದರು. ಅಪ್ಪನ ಹೋಟೆಲಿನವರ ಸೈಕಲ್ಲುಗಳ ಹಳೇ ಟ್ಯೂಬುಗಳೆಲ್ಲ ನಮ್ಮ ಬಾವಿಕಟ್ಟೆಗೆ ಬಂದು ಅಂಟುವಾಳದಲ್ಲಿ ಮಿಂದವು. ಹಿಂದಿನ ಜಗಲಿಯಲ್ಲಿ ಬಿಳಿ ಪುಡಿ ಮೆತ್ತಿದ ಹತ್ತು ಪಟ್ಟಿಗಳು ಸಾಲಾಗಿ ತೂಗಿದವು. ಎಣ್ಣೆಯ ಕುಡಿಕೆಯನ್ನು ಗೋದತ್ತೆ ಅಲ್ಲಿಂದ ಎತ್ತಿ ಅಡುಗೆಮನೆಯ ಮೇಲಿನ ಹಲಗೆಗೆ ಸಾಗಿಸಿದರು. ನಾನು ಆಮೇಲೆ ಹದಿನಾಲ್ಕು ವರ್ಷ ಈಜಿದೆ, ಎಷ್ಟೋ ಹುಡುಗಿಯರಿಗೆ ಕಲಿಸಿದೆ. ಕಾಲನ್ನು ಎತ್ತಲು ಹೋಗಬೇಡ, ತಲೆಯನ್ನು ಕೆಳಗೆ ಹಾಕು ಎಂದು ಅವರಿಗೆಲ್ಲ ಹೇಳಿದ್ದು ಗೋದತ್ತೆಯ ಮಾತನ್ನೇ.

ಆದರೆ ನನಗೆ ಹೆಚ್ಚಾಗಿ ನೆನಪಾಗುವುದು ಅವತ್ತು ಮನೆಗೆ ಮರಳಿದ ದಾರಿ. ಪಟ್ಟಿ ಕಳಚಿದ ಮೇಲೆ ಮಿಸ್ ನನಗೆ ಒಂದು ಸಲ ಪೂರ್ತಿ ಈಜು ತೋರಿಸಲು ಹೇಳಿದ್ದರು. ನಾನು ಕೈ ಕಾಲು ಎರಡನ್ನೂ ಬಿಟ್ಟು, ಸಿಕ್ಕಿದ ಸಂತೋಷವನ್ನೆಲ್ಲ ಕಾಲಿಗೆ ಹಾಕಿ ಒದ್ದು, ಹಿಂದೆ ನೊರೆ ಎಬ್ಬಿಸಿಕೊಂಡು ಆ ತುದಿಗೆ ಹೋಗಿ ಬಂದಿದ್ದೆ. ಗೋದತ್ತೆ ಮೆಟ್ಟಿಲ ಮೇಲೆ ಕೂತು, ಸೀರೆಯ ಅಂಚನ್ನು ಹಿಂಡುವುದನ್ನು ಮರೆತು ನೋಡುತ್ತಿದ್ದರು. ದಾರಿಯಲ್ಲಿ ಅಂಗಡಿಗಳು ತೆರೆದಿದ್ದವು, ಜನ ಅವರ ಒದ್ದೆ ಸೀರೆಯನ್ನು ತಿರುಗಿ ತಿರುಗಿ ನೋಡುತ್ತಿದ್ದರು. ಅವರು ಯಾರನ್ನೂ ಗಮನಿಸಲಿಲ್ಲ. ರೈಲು ಗೇಟು ಹಾಕಿತ್ತು. ಅಲ್ಲಿ ನಿಂತಾಗ ಕೇಳಿದರು.

"ಕಾಲ್ ಬಿಟ್ಟ್ ಈಜುವತಿಗೆ ಹ್ಯಾಂಗ್ ಆತ್ತ್, ಹೆಣೆ?"

ನನಗೆ ಹಸಿವಾಗಿತ್ತು. ತಂಡ, ಹುಡುಗಿಯರು, ಅಮ್ಮನ ಮುಖ ಹೇಗಾಗಬಹುದು ಎಂಬುದರ ಬಗ್ಗೆ ಯೋಚಿಸುತ್ತಿದ್ದೆ.

"ಎಂತ ಇಲ್ಲೆ ಅತ್ತೆ. ಬೇಗ ಹೋತ್ತ್," ಎಂದೆ.

"ಅಷ್ಟೇಯಾ?" ಎಂದರು ಗೋದತ್ತೆ.

ರೈಲು ಹೋಯಿತು, ಗೇಟು ತೆರೆಯಿತು. ಮನೆಗೆ ಬಂದು ಅವರು ಬಾವಿಯಿಂದ ನೀರು ಸೇದಿ, ಕೊಳದ ನೀರು ಹೋಗುವವರೆಗೆ ಮೈ ಮೇಲೆ ಕೊಡಗಟ್ಟಲೆ ಸುರಿದುಕೊಂಡರು. ಮತ್ತೆ ಎಂದೂ ಅವರು ನೀರಿಗಿಳಿಯಲಿಲ್ಲ, ನಾನೂ ಕರೆಯಲಿಲ್ಲ. ಅಷ್ಟೇ ಅಲ್ಲ ಅತ್ತೆ, ಎಂದು ಹೇಳಬೇಕಾಗಿತ್ತು. ಕಾಲು ಬಿಟ್ಟು ಈಜುವುದು ಹೇಗಿರುತ್ತದೆ ಎಂದು ನನಗೆ ಅವತ್ತೇ ಚೆನ್ನಾಗಿ ಗೊತ್ತಿತ್ತು.